ಭೂತಕಾಲವಿಲ್ಲದ ಅರ್ಜಿ: ಕೃಷ್ಣಾ ಸೀಮೆಯಲ್ಲಿ ಉದ್ಯೋಗಪತ್ರದ ಕಲಿಕೆ



ಇವತ್ತು ನಾನು ವಿಮರ್ಶೆಗೆ ತೆಗೆದುಕೊಂಡಿರುವ ಪಠ್ಯಕ್ಕೆ ಕರ್ತೃ ಇಲ್ಲ, ಮುನ್ನುಡಿ ಇಲ್ಲ. ಆದರೆ ಇಲ್ಲಿ ಕೂತವರೆಲ್ಲ ಒಂದಲ್ಲ ಒಂದು ಕಾಲಕ್ಕೆ ಅದನ್ನು ಬಾಯಿಪಾಠ ಮಾಡಿದವರೇ. ಶಾಲೆಯ ಕನ್ನಡ ಪರೀಕ್ಷೆಗೆ ಕಲಿಸುವ ಪತ್ರಲೇಖನ, ಅದರಲ್ಲೂ ಕೆಲಸ ಕೋರಿ ಬರೆಯುವ ಮಾದರಿ ಅರ್ಜಿ. ಕವಿತೆಯನ್ನು ಓದುವ ಹಾಗೆ ಅದನ್ನೂ ಪದಪದ ಬಿಡಿಸಿ ಓದಿದರೆ ಏನು ಕಾಣುತ್ತದೆ ಎಂಬುದು ನನ್ನ ಪ್ರಶ್ನೆ. ಸಾಹಿತ್ಯ ವಿಭಾಗಕ್ಕೂ ಇದಕ್ಕೂ ಏನು ಸಂಬಂಧ ಅಂತ ಕೆಲವರಿಗೆ ಅನಿಸಬಹುದು. ನಮ್ಮ ವಿದ್ಯಾರ್ಥಿಗಳಲ್ಲಿ ಬಹಳ ಮಂದಿ ಬದುಕಿನಲ್ಲಿ ಕವಿತೆ ಬರೆಯುವುದಿಲ್ಲ, ಆದರೆ ಅರ್ಜಿ ಬರೆಯದವರು ಯಾರೂ ಇಲ್ಲ.

ಮೊದಲು ಸ್ಥಳದ ಮಾತು. ನಾನು ಮಾತಾಡುತ್ತಿರುವುದು ಕೃಷ್ಣಾ ಎಂಬ ಊರಿನ ಸುತ್ತಲಿನ ಸೀಮೆಯ ಬಗ್ಗೆ. ವಾಡಿ–ಗುಂತಕಲ್ ರೈಲು ಮಾರ್ಗದಲ್ಲಿ ನದಿಯ ಹೆಸರನ್ನೇ ಹೊತ್ತ ನಿಲ್ದಾಣ ಇದು. ಸೇತುವೆ ದಾಟಿದರೆ ದೇವಸೂಗೂರು, ಶಕ್ತಿನಗರ, ಮುಂದೆ ರಾಯಚೂರು. ಈಚೆ ದಡ ತೆಲಂಗಾಣದ ನಾರಾಯಣಪೇಟೆ ಜಿಲ್ಲೆ. 1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯ ಮೂರು ಪಾಲಾಯಿತು. ರಾಯಚೂರು ಮೈಸೂರು ರಾಜ್ಯಕ್ಕೆ ಬಂತು. ಆ ಜಿಲ್ಲೆಯೊಳಗೇ ಇದ್ದ ಗದ್ವಾಲ, ಆಲಂಪುರ ತಾಲ್ಲೂಕುಗಳು ಆಂಧ್ರದ ಕಡೆಗೆ ಹೋದವು. ಮಕ್ತಲ್, ನಾರಾಯಣಪೇಟೆಗಳೂ ಆ ಕಡೆಯೇ ಉಳಿದವು. 2014ರ ಜೂನ್ 2ಕ್ಕೆ ರಾಜ್ಯದ ಹೆಸರು ಬದಲಾಯಿತು, 2019ರ ಫೆಬ್ರವರಿ 17ಕ್ಕೆ ಜಿಲ್ಲೆಯ ಹೆಸರು ಬದಲಾಯಿತು. ಮನೆಮಾತು ಮಾತ್ರ ಅದೇ ಉಳೀತು. ಕೃಷ್ಣಾ ಮಂಡಲದಲ್ಲಿ ಇವತ್ತಿಗೂ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಿವೆ.

ಈ ಶಾಲೆಯಲ್ಲಿ ಓದಿದ ಮಗು ಕೆಲಸಕ್ಕೆ ಅರ್ಜಿ ಹಾಕುವಾಗ ಎರಡು ದಡದ ನಿಯಮಗಳ ನಡುವೆ ನಿಲ್ಲುತ್ತದೆ. ಆಚೆ ದಡದ ರಾಯಚೂರಿನವರಿಗೆ ಸಂವಿಧಾನದ 371ಜೆ ವಿಧಿಯ ಅನುಕೂಲ ಉಂಟು. 2012ರ 98ನೇ ತಿದ್ದುಪಡಿಯಿಂದ ಬಂದ ಆ ಮೀಸಲಾತಿ ಸೇತುವೆ ದಾಟಿ ಈಚೆಗೆ ಬರುವುದಿಲ್ಲ. 2024ರ ಜುಲೈನಲ್ಲಿ ಕರ್ನಾಟಕದ ಸಂಪುಟ ಒಪ್ಪಿ, ಆಮೇಲೆ ತಡೆಹಿಡಿದ ಸ್ಥಳೀಯರ ಉದ್ಯೋಗ ಮಸೂದೆಯಲ್ಲಿ ಸ್ಥಳೀಯ ಅಂದರೆ ಕರ್ನಾಟಕದಲ್ಲಿ ಹುಟ್ಟಿ, 15 ವರ್ಷ ಅಲ್ಲೇ ನೆಲೆಸಿ, ಕನ್ನಡ ಓದಲು, ಬರೆಯಲು, ಮಾತಾಡಲು ಬಲ್ಲವರು. ನಮ್ಮ ಹುಡುಗರಿಗೆ ಮೂರನೆಯದು ಉಂಟು, ಮೊದಲೆರಡು ಇಲ್ಲ. ಇತ್ತ ತೆಲಂಗಾಣದಲ್ಲಿ 2018ರ ರಾಷ್ಟ್ರಪತಿ ಆದೇಶದ ಪ್ರಕಾರ ಸ್ಥಳೀಯತೆ ನಿಲ್ಲುವುದು ಒಂದರಿಂದ ಏಳನೇ ತರಗತಿಯವರೆಗೆ ಎಲ್ಲಿ ಓದಿದಿರಿ ಎಂಬುದರ ಮೇಲೆ. ಕನ್ನಡದ ಆಸೆಗೆ ಆ ವಯಸ್ಸಿನಲ್ಲೇ ಮಗುವನ್ನು ರಾಯಚೂರಿನ ಶಾಲೆಗೆ ಹಾಕಿದ ಮನೆಯವರು ಮುಂದೆ ಬೋನಾಫೈಡ್ ಕೇಳಿದಾಗ ಪೇಚಿಗೆ ಸಿಗ್ತಾರ.

ಇದನ್ನೆಲ್ಲ ಯಾಕೆ ಹೇಳಿದೆ ಅಂದರೆ, ಇಂಥ ಜಾಗದಲ್ಲಿ ಅರ್ಜಿದಾರರ ಕೈಲಿ ಉಳಿಯುವುದು ಅವರ ಕೆಲಸದ ಗುರುತು ಮತ್ತು ಅದನ್ನು ಕಾಣಿಸುವ ಬರವಣಿಗೆ. ಮೀಸಲಾತಿ ಇಲ್ಲದ ಕಡೆ, ಅಂದರೆ ಖಾಸಗಿ ಮಿಲ್ಲು, ಆಸ್ಪತ್ರೆ, ಗುತ್ತಿಗೆ ಕಚೇರಿ, ಸ್ವಯಂಸೇವಾ ಸಂಸ್ಥೆಗಳಲ್ಲಿ, ಕಾಗದದ ಮೇಲಿನ ನಾಲ್ಕು ಸಾಲೇ ಮೊದಲ ಪರಿಚಯ. ಆ ನಾಲ್ಕು ಸಾಲನ್ನು ನಾವು ಹೇಗೆ ಕಲಿಸಿದ್ದೇವೆ?

ಈಗ ಪಠ್ಯಕ್ಕೆ ಬರೋಣ. ಮಾದರಿ ಅರ್ಜಿಯ ಅಂಗಗಳು ನಿಮಗೆ ಗೊತ್ತು. ಇವರಿಂದ, ಇವರಿಗೆ, ಮಾನ್ಯರೇ, ವಿಷಯ, ಒಡಲು, ವಂದನೆಗಳೊಂದಿಗೆ, ಇಂತಿ ತಮ್ಮ ವಿಶ್ವಾಸಿ, ಸ್ಥಳ, ದಿನಾಂಕ. ಇವುಗಳಲ್ಲಿ ಒಡಲು ಒಂದನ್ನು ಬಿಟ್ಟು ಉಳಿದದ್ದಕ್ಕೆಲ್ಲ ನಿಯಮ ಉಂಟು. ಎಡಕ್ಕೋ ಬಲಕ್ಕೋ, ಅಲ್ಪವಿರಾಮ ಎಲ್ಲಿ, ಸಹಿ ಎಲ್ಲಿ. ಅಂಕ ಕಳೆಯುವುದೂ ಅಲ್ಲಿಯೇ. ಒಡಲಿನ ಬಗ್ಗೆ ನಿಯಮ ಇಲ್ಲ, ಆದರೆ ರೂಢಿ ಉಂಟು. ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ಕೇಳಿಕೊಳ್ಳುವುದೇನೆಂದರೆ ಅಂತ ಶುರು. ನಡುವೆ ಓದಿನ ವಿವರ. ಆಮೇಲೆ, ಅವಕಾಶ ಮಾಡಿಕೊಟ್ಟಲ್ಲಿ ಪ್ರಾಮಾಣಿಕವಾಗಿ ದುಡಿಯುತ್ತೇನೆ. ಕೊನೆಗೆ, ದಯಮಾಡಿ ಪರಿಶೀಲಿಸಬೇಕೆಂದು ಕೋರುತ್ತೇನೆ.

ಇಲ್ಲಿಯ ಕ್ರಿಯಾಪದಗಳನ್ನಷ್ಟೇ ಆರಿಸಿ ಒಂದು ಕಡೆ ಇಟ್ಟು ನೋಡಿ. ಕೇಳಿಕೊಳ್ಳುತ್ತೇನೆ, ಕೋರುತ್ತೇನೆ ವರ್ತಮಾನ. ದುಡಿಯುತ್ತೇನೆ ರೂಪದಲ್ಲಿ ವರ್ತಮಾನ, ಅರ್ಥದಲ್ಲಿ ಭವಿಷ್ಯ. ಆಗಿಹೋದದ್ದು ಒಂದೇ, ಪದವಿ ಪಡೆದಿದ್ದೇನೆ ಎಂಬುದು. ಅದು ಕೂಡ ಬೇರೆಯವರು ಕೊಟ್ಟದ್ದನ್ನು ಪಡೆದ ಕ್ರಿಯೆ. ನಾನು ಮಾಡಿದೆ, ಕಟ್ಟಿದೆ, ಲೆಕ್ಕ ಇಟ್ಟೆ, ತಿದ್ದಿದೆ ಎಂಬ ಒಂದು ಭೂತಕಾಲದ ಕ್ರಿಯೆಯೂ ಇಡೀ ಪತ್ರದಲ್ಲಿ ಇಲ್ಲ. ಕೆಲಸ ಕೇಳುವ ಪತ್ರದಲ್ಲಿ ಕೆಲಸವೇ ಇಲ್ಲ. ಓದುವವರ ಜಾಗದಲ್ಲಿ ಕೂತು ನೋಡಿ. ನೂರು ಅರ್ಜಿ ಬಂದರೆ ನೂರೂ ಒಬ್ಬರೇ ಬರೆದಂತೆ ಇರುತ್ತವೆ. ಆಗ ಆಯ್ಕೆ ನಡೆಯುವುದು ಅಂಕಪಟ್ಟಿ ನೋಡಿ, ಇಲ್ಲವೇ ಯಾರ ಪೈಕಿ ಅಂತ ಕೇಳಿ.

ಈ ರೂಪ ಎಲ್ಲಿಂದ ಬಂತು? ಪದವೇ ಸುಳಿವು ಕೊಡುತ್ತದೆ. ನಾವು ಅರ್ಜಿ ಅನ್ನುತ್ತೇವೆ, ಅರಬ್ಬಿಯಿಂದ ಬಂದದ್ದು, ದೊರೆಯ ಮುಂದೆ ಅರಿಕೆ ಮಾಡುವುದು. ತೆಲುಗಿನಲ್ಲಿ ದರಖಾಸ್ತು ಅನ್ನುತ್ತಾರೆ, ಪಾರಸಿಯದ್ದು, ಕೋರಿಕೆ ಎಂದೇ ಅರ್ಥ. ಅದಕ್ಕೂ ಹಿಂದಿನ ನಮ್ಮ ಮಾತು ಬಿನ್ನಹ. ಕೆಳಗಿನಿಂದ ಮೇಲಕ್ಕೆ ಹೋಗುವುದು ಬಿನ್ನಹ, ಮೇಲಿನಿಂದ ಕೆಳಕ್ಕೆ ಬರುವುದು ನಿರೂಪ. ನಿಜಾಮರ ಕಾಲದಲ್ಲಿ ಆಡಳಿತದ ಭಾಷೆ ಉರ್ದು, 1918ರಲ್ಲಿ ಶುರುವಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧನಾ ಭಾಷೆಯೂ ಉರ್ದು. ಕನ್ನಡದ ರೈತ ತಹಶೀಲಿಗೆ ಹೋದರೆ ಬರೆಯುವವನು ಬೇರೆ, ಹೆಬ್ಬೆಟ್ಟು ಒತ್ತುವವನು ಬೇರೆ. ದಯೆ ಬೇಡುವವನು ತಾನು ಏನು ಮಾಡಿದೆ ಅಂತ ಹೇಳಬೇಕಾಗಿಲ್ಲ, ತನಗೆ ಏನಿಲ್ಲ ಅಂತ ಹೇಳಬೇಕು. ನಾನು ಬಡ ಕುಟುಂಬದವನು ಎಂಬ ಸಾಲು ಉದ್ಯೋಗದ ಅರ್ಜಿಗೆ ಬಂದು ಕೂತದ್ದು ಹೀಗೆ ಅಂತ ನನ್ನ ಓದು. ಪರಿಹಾರ ಕೋರುವ ಪತ್ರಕ್ಕೆ ಆ ಸಾಲು ಬೇಕು. ಕೆಲಸ ಕೋರುವ ಪತ್ರದಲ್ಲಿ ಅದು ಅರ್ಜಿದಾರರನ್ನೇ ಸಣ್ಣದು ಮಾಡುತ್ತದೆ.

ಅರ್ಜಿ ಅಂದರೆ ಬೇಡುವುದೇ ಆಗಬೇಕೇನು? ಇಲ್ಲ. 2005ರಲ್ಲಿ ಬಂದ ಎರಡು ಕಾಯ್ದೆಗಳು ಅರ್ಜಿಯ ರೂಪವನ್ನೇ ಬದಲಿಸಿದವು. ಮಾಹಿತಿ ಹಕ್ಕು ಕಾಯ್ದೆಯ 6(2)ನೇ ಕಲಮಿನ ಪ್ರಕಾರ ಅರ್ಜಿದಾರರು ಮಾಹಿತಿ ಯಾಕೆ ಬೇಕು ಅಂತ ಕಾರಣ ಕೊಡಬೇಕಾಗಿಲ್ಲ. ಸಾಮಾನ್ಯವಾಗಿ 30 ದಿನದೊಳಗೆ ಉತ್ತರ ಬರಬೇಕು. ಅದೇ ವರ್ಷದ ಉದ್ಯೋಗ ಖಾತರಿ ಕಾಯ್ದೆಯಲ್ಲಿ ಕೆಲಸ ಕೇಳಿ ಅರ್ಜಿ ಕೊಟ್ಟರೆ ದಿನಾಂಕ ಹಾಕಿದ ರಸೀದಿ ಕೊಡಬೇಕಿತ್ತು, 15 ದಿನದಲ್ಲಿ ಕೆಲಸ ಸಿಗದಿದ್ದರೆ ನಿರುದ್ಯೋಗ ಭತ್ಯೆ ಕೊಡಬೇಕಿತ್ತು. ಆಚರಣೆಯಲ್ಲಿ ಎಷ್ಟು ನಡೆಯಿತು ಎಂಬುದು ಬೇರೆ ಮಾತು. ಬರವಣಿಗೆಯ ದೃಷ್ಟಿಯಿಂದ ಮುಖ್ಯವಾದದ್ದು ಏನೆಂದರೆ, ದಯಮಾಡಿ ಎಂಬ ಪದ ಇಲ್ಲದೆ, ಒಂದು ದಿನಾಂಕದ ಬಲದ ಮೇಲೆ ನಿಲ್ಲುವ ಅರ್ಜಿ ಸಾಧ್ಯ ಅಂತ ಕಾನೂನೇ ಹೇಳಿತು. ಪಾಠದ ಪತ್ರಲೇಖನಕ್ಕೆ ಈ ಸುದ್ದಿ ಮುಟ್ಟಿದ ಹಾಗೆ ಕಾಣುವುದಿಲ್ಲ. ಖಾಸಗಿ ಉದ್ಯೋಗ ಹಕ್ಕಲ್ಲ, ನಿಜ. ಅಲ್ಲಿ ದಿನಾಂಕದ ಜಾಗದಲ್ಲಿ ಬಲ ಕೊಡಬೇಕಾದದ್ದು ಮಾಡಿದ ಕೆಲಸದ ವಿವರ.

ಇಂಗ್ಲಿಷಿಗೆ ಹೋದರೆ ಸರಿಹೋಗ್ತದ ಅಂತ ನಮ್ಮ ಹುಡುಗರ ನಂಬಿಕೆ. ನೆಟ್ ಸೆಂಟರಿನಲ್ಲಿ ಸಿಗುವ ರೆಸ್ಯೂಮೆ ನೋಡಿ. ಮೇಲೆ ಕೆರಿಯರ್ ಆಬ್ಜೆಕ್ಟಿವ್, ನಡುವೆ ಹಾರ್ಡ್ ವರ್ಕಿಂಗ್, ಟೀಮ್ ಪ್ಲೇಯರ್, ಕೆಳಗೆ ಐ ಹಿಯರ್‌ಬೈ ಡಿಕ್ಲೇರ್. ಕನ್ನಡದ ಅರ್ಜಿ ಬಗ್ಗಿ ನಿಲ್ಲುತ್ತದೆ, ಇದು ಎದೆ ಸೆಟೆಸಿ ನಿಲ್ಲುತ್ತದೆ, ಅಷ್ಟೇ ಫರಕು. ಇದರಲ್ಲಿ ಗುಣವಾಚಕಗಳ ರಾಶಿ ಉಂಟು, ಒಂದು ದಿನದ ಕೆಲಸದ ಸಾಕ್ಷಿ ಇಲ್ಲ.

ಕೆಲಸ ಸಿಕ್ಕ ಮೇಲೆ ಬರೆಯಬೇಕಾದ ವರದಿಯಲ್ಲಿ ಇನ್ನೊಂದು ತೊಡಕು. ಇಲ್ಲಿ ಭೂತಕಾಲ ಬರುತ್ತದೆ, ಆದರೆ ಕರ್ಮಣಿ ಪ್ರಯೋಗದಲ್ಲಿ. ಸಭೆ ನಡೆಸಲಾಯಿತು, ಸಮಸ್ಯೆ ಪರಿಶೀಲಿಸಲಾಯಿತು, ಕ್ರಮ ಕೈಗೊಳ್ಳಲಾಯಿತು. ಯಾರು ನಡೆಸಿದರು? ಎಷ್ಟು ಮಂದಿ ಬಂದರು? ಯಾವ ಕ್ರಮ? ಅರ್ಜಿಯಲ್ಲಿ ಕರ್ತೃ ಇದ್ದು ಕ್ರಿಯೆ ಕಾಣೆಯಾಗಿತ್ತು, ವರದಿಯಲ್ಲಿ ಕ್ರಿಯೆ ಇದ್ದು ಕರ್ತೃ ಕಾಣೆ. ಪದವಿ ತರಗತಿಯ ಪ್ರಾಜೆಕ್ಟ್ ವರದಿಗಳಲ್ಲೂ ಕೃತಜ್ಞತೆಯ ಪುಟದಲ್ಲಿ ಮಾತ್ರ ವಿದ್ಯಾರ್ಥಿಯ ಸ್ವಂತ ದನಿ ಕೇಳಿಸುತ್ತದೆ. ಆಮೇಲೆ ಅವರು ಪತ್ತೆಯಿಲ್ಲ.

ಹಾಗಾದರೆ ನಮ್ಮ ಭಾಷೆಯಲ್ಲಿ ಕೆಲಸವನ್ನು ಬರೆಯುವ ರೂಢಿಯೇ ಇಲ್ಲವೋ? ಉಂಟು. ಹಿಂದೆ ವ್ಯಾಪಾರಿಗಳು, ಶಾನುಭೋಗರು ಕಪ್ಪು ಬಳಿದ ಬಟ್ಟೆಯ ಕಡತದ ಮೇಲೆ ಬಳಪದಿಂದ ಬರೆದದ್ದು ಇದನ್ನೇ. ಯಾರಿಗೆ, ಎಷ್ಟು, ಯಾವತ್ತು. ಇಂದು ಊರಿನ ಮಹಿಳಾ ಸಂಘದ ನಡಾವಳಿ ಪುಸ್ತಕ ತೆರೆದರೂ ಅದೇ ಕಾಣುತ್ತದೆ. ಸ್ವಸಹಾಯ ಸಂಘಗಳಿಗೆ ಪಂಚಸೂತ್ರ ಅಂತ ಉಂಟು. ತಪ್ಪದೆ ಸಭೆ, ತಪ್ಪದೆ ಉಳಿತಾಯ, ಒಳಸಾಲ, ಸಕಾಲಕ್ಕೆ ಮರುಪಾವತಿ, ಸರಿಯಾದ ಪುಸ್ತಕ ಬರವಣಿಗೆ. ಐದರಲ್ಲಿ ಒಂದು ಸೂತ್ರ ಬರವಣಿಗೆಯದ್ದೇ. ಸಂಘದಲ್ಲಿ ಓದು ಬರುವ ಹೆಣ್ಣುಮಗಳು ಇದ್ದರೆ ಪುಸ್ತಕ ಅವಳ ಕೈಗೆ ಬೀಳುತ್ತದೆ. ಅವಳೇ ಮುಂದೆ ಕೆಲಸಕ್ಕೆ ಅರ್ಜಿ ಬರೆಯುವಾಗ ಈ ಪುಸ್ತಕವನ್ನು ಮರೆತು ಬಡ ಕುಟುಂಬದ ಸಾಲಿಗೆ ಹೋಗುತ್ತಾಳೆ. ಯಾಕೆಂದರೆ ಅದು ಕೆಲಸ ಅಂತ ನಾವು ಹೇಳಿಕೊಟ್ಟೇ ಇಲ್ಲ.

ಉದಾಹರಣೆಗೆ ನಾನೇ ಒಂದು ಪ್ಯಾರಾ ಕಟ್ಟಿದ್ದೇನೆ. ಕಲ್ಪಿತವೇ, ಆದರೆ ಯಾರೂ ಬರೆಯಬಹುದಾದದ್ದು. “ನಮ್ಮ ಸಂಘದಲ್ಲಿ ಹತ್ತು ಸದಸ್ಯರಿದ್ದಾರೆ. ಎರಡು ವರ್ಷ ಅದರ ನಡಾವಳಿ ಮತ್ತು ಉಳಿತಾಯದ ಲೆಕ್ಕ ಬರೆದೆ. ಪ್ರತಿ ತಿಂಗಳು ನಮ್ಮ ಪುಸ್ತಕವನ್ನು ಬ್ಯಾಂಕಿನ ಪಾಸ್‌ಬುಕ್ಕಿನ ಜೊತೆ ತಾಳೆ ನೋಡಿದೆ. ಕಂತು ತಪ್ಪಿದ ಸಾಲಗಳನ್ನು ಬೇರೆ ಪುಟದಲ್ಲಿ ಬರೆದು ಸಭೆಯಲ್ಲಿ ಓದಿದೆ. ಕನ್ನಡ ಮತ್ತು ತೆಲುಗು ಎರಡರಲ್ಲೂ ಲೆಕ್ಕ ವಿವರಿಸಬಲ್ಲೆ.” ಐದೇ ಸಾಲು. ದಯೆ ಇಲ್ಲ, ಜಂಬ ಇಲ್ಲ. ಲೆಕ್ಕದ ಗುಮಾಸ್ತೆ ಬೇಕಾದವರಿಗೆ ಬೇಕಾದದ್ದೆಲ್ಲ ಇದರಲ್ಲಿ ಉಂಟು. ಕೊನೆಯ ಸಾಲು ಗಮನಿಸಿ. ತೆಲಂಗಾಣದ ಶಾಲೆಗಳಲ್ಲಿ 2018ರ ಕಾಯ್ದೆಯಿಂದ ತೆಲುಗು ಕಡ್ಡಾಯ. ನಮ್ಮ ಮಕ್ಕಳು ಅದನ್ನು ಹೊರೆ ಅಂತ ಹೊರುತ್ತಾರೆ. ಗಡಿಯ ಎರಡೂ ಕಡೆ ವ್ಯವಹಾರ ಇರುವ ಮಾಲೀಕರಿಗೆ ಅದೊಂದು ಅರ್ಹತೆ. ಆದರೆ ಅರ್ಜಿಯಲ್ಲಿ ಅದನ್ನು ಕಾಣಿಸಬೇಕಲ್ಲ?

ನನ್ನ ಸಲಹೆ ದೊಡ್ಡದಲ್ಲ. ಪತ್ರಲೇಖನದ ಅಂಕಗಳಲ್ಲಿ ಅರ್ಧವನ್ನಾದರೂ ಒಡಲಿಗೆ ಇಡಬೇಕು. ಕೆಲಸದ ಅರ್ಜಿಯಾದರೆ ಕನಿಷ್ಠ ಮೂರು ಭೂತಕಾಲದ ಕ್ರಿಯೆ, ಒಂದು ಸಂಖ್ಯೆ ಇರಬೇಕು ಅಂತ ಕೇಳಬೇಕು. ವರದಿಯಾದರೆ ಪ್ರತಿ ಕೆಲಸಕ್ಕೂ ಕರ್ತೃ ಇರಬೇಕು, ಆಗದೆ ಉಳಿದದ್ದಕ್ಕೂ ಒಂದು ಪ್ಯಾರಾ ಇರಬೇಕು. ಮೊದಲ ಕರಡು ಮನೆಮಾತಿನಲ್ಲಿರಲಿ. ಮಾಡಿದ್ದು ಏನು ಅಂತ ಸ್ಪಷ್ಟವಾದ ಮೇಲೆ ಅದು ತೆಲುಗಿಗೆ, ಇಂಗ್ಲಿಷಿಗೆ ಹೋಗಲಿ. ಒಳ್ಳೆಯ ಅರ್ಜಿಯಿಂದ ಇಲ್ಲದ ಹುದ್ದೆ ಹುಟ್ಟುವುದಿಲ್ಲ, 371ಜೆ ಸೇತುವೆ ದಾಟುವುದಿಲ್ಲ. ಅದಕ್ಕೆ ಬೇರೆ ಹೋರಾಟ ಬೇಕು. ಆದರೆ ಇರುವ ಹುದ್ದೆಗೆ ಮಾಡಿದ ಕೆಲಸ ಕಾಣದೆ ಹೋಗಿ ಒಬ್ಬರು ತಪ್ಪಿಸಿಕೊಂಡರೆ ಅದರಲ್ಲಿ ನಮ್ಮ ವಿಭಾಗದ ಪಾಲೂ ಇದೆ.

ಚಾಟ್‌ನಲ್ಲಿ ಒಂದು ಪ್ರಶ್ನೆ ಬಂದದ. “ಆಗತಾನೇ ಓದು ಮುಗಿಸಿದವರಿಗೆ ಯಾವ ಭೂತಕಾಲ? ಸುಳ್ಳು ಬರೆಯೋದು ಕಲಿಸಿದ ಹಂಗ ಆಗೋದಿಲ್ಲೇನ್ರೀ?” ಒಳ್ಳೆಯ ಪ್ರಶ್ನೆ. ಸುಳ್ಳಿಗೆ ಜಾಗ ಕೊಡುವುದು ಗುಣವಾಚಕಗಳೇ. ಪ್ರಾಮಾಣಿಕ ಅಂತ ಯಾರು ಬೇಕಾದರೂ ಬರೆಯಬಹುದು, ಯಾರೂ ಪರೀಕ್ಷಿಸಲಾರರು. ಪಾಸ್‌ಬುಕ್ಕು ತಾಳೆ ನೋಡಿದೆ ಅಂತ ಬರೆದರೆ ಸಂದರ್ಶನದಲ್ಲಿ ಹೇಗೆ ನೋಡಿದಿ ಹೇಳವ್ವ ಅಂತ ಕೇಳ್ತಾರ, ಮಾಡದವರಿಗೆ ಹೇಳಲಿಕ್ಕೆ ಬರೋದಿಲ್ಲ. ಇನ್ನು ಆಗತಾನೇ ಓದು ಮುಗಿಸಿದವರ ಮಾತು. ನಮ್ಮ ಸೀಮೆಯಲ್ಲಿ ಹತ್ತಿ ಬಿಡಿಸುವ ದಿನಗೂಲಿ ಲೆಕ್ಕ ಬರೆಯದ, ಅಜ್ಜಿಯ ಪಿಂಚಣಿಗೆ ಕಾಗದ ಜೋಡಿಸದ, ಮಗ್ಗದ ಮನೆಯಲ್ಲಿ ನೂಲಿನ ಲೆಕ್ಕ ಇಡದ ಇಪ್ಪತ್ತರ ಮಕ್ಕಳು ಕಡಿಮೆ. ಅದನ್ನೆಲ್ಲ ಬರೆದುಕೊಂಡು ಬಾ ಅಂತ ತರಗತಿಯಲ್ಲಿ ಒಮ್ಮೆ ಹೇಳಿ ನೋಡಿ. ಬಂದ ಪುಟಗಳನ್ನು ಮುಂದಿನ ಸೆಮಿನಾರಿನಲ್ಲಿ ಎಲ್ಲರೂ ಕೂತು ಓದೋಣ.