ಬುಧವಾರ ಬಂದ ಭಾನುವಾರ

'ಆರ್' ಪ್ರೋಗ್ರಾಮಿಂಗ್ ಭಾಷೆಯಲ್ಲಿ ಮುನ್ನಂದಾಜು ಕಲಿಯುವವರಿಗೆ ಒಂದಲ್ಲ ಒಂದು ದಿನ ಎದುರಾಗುವ ಡೇಟಾ 'ಎಲೆಕ್‌ಡೈಲಿ'. ಆಸ್ಟ್ರೇಲಿಯಾದ ವಿಕ್ಟೋರಿಯ ರಾಜ್ಯಕ್ಕೆ 2014ರಲ್ಲಿ ದಿನದಿನವೂ ಎಷ್ಟು ವಿದ್ಯುತ್ ಬೇಕಾಯಿತು ಎಂಬ ಲೆಕ್ಕ ಅದು. ಬೇಡಿಕೆ, ಅಂದು ಕೆಲಸದ ದಿನ ಹೌದೋ ಅಲ್ಲವೋ, ಉಷ್ಣಾಂಶ, ಇಷ್ಟೇ ಕಾಲಂಗಳು. ಸಾಲುಗಳು 365. ಮೊನಾಶ್ ವಿಶ್ವವಿದ್ಯಾಲಯದ ರಾಬ್ ಹೈಂಡ್‌ಮನ್ ಮತ್ತು ಜಾರ್ಜ್ ಅಥನಾಸೊಪೌಲೋಸ್ ತಮ್ಮ ಪಠ್ಯಪುಸ್ತಕಕ್ಕೆಂದು ಜೋಡಿಸಿಟ್ಟದ್ದು. ಕಲಿತು ಮುಗಿದ ಮೇಲೂ ಮತ್ತೆ ಮತ್ತೆ ತೆರೆದು ನೋಡಬೇಕೆನ್ನಿಸುವಷ್ಟು ಸೊಗಸು ಇದರಲ್ಲಿದೆ.

ಮೊದಲ ಸಾಲನ್ನೇ ನೋಡಿ. 2014ರ ಜನವರಿ 1, ಬುಧವಾರ. ಬೇಡಿಕೆ 174.9. ಮರುದಿನ ಗುರುವಾರ ಅದು 188.6ಕ್ಕೆ ಏರುತ್ತದೆ. ಶುಕ್ರವಾರ ಹೆಚ್ಚುಕಡಿಮೆ ಅಲ್ಲೇ ನಿಂತು, ಶನಿವಾರ 173.8, ಭಾನುವಾರ 169.5 ಎಂದು ಇಳಿಯುತ್ತದೆ. ಸೋಮವಾರ ಒಮ್ಮೆಲೇ 195.7. ಕಾರ್ಖಾನೆ, ಕಚೇರಿಗಳು ರಜೆ ಮುಗಿಸಿ ಬಾಗಿಲು ತೆರೆದದ್ದು ಕಣ್ಣಿಗೆ ಕಟ್ಟುತ್ತದೆ. ಕ್ಯಾಲೆಂಡರಿನಲ್ಲಿ ಬುಧವಾರವಾದ ಹೊಸ ವರ್ಷದ ದಿನ, ವಿದ್ಯುತ್ ಮೀಟರಿನ ಪಾಲಿಗೆ ಭಾನುವಾರದ ಸಾಲಿಗೆ ಸೇರಿಬಿಟ್ಟಿದೆ.

ಈ ಸರಣಿಯನ್ನು ಆರ್‌ನಲ್ಲಿ ಕಟ್ಟುವಾಗ ಫ್ರೀಕ್ವೆನ್ಸಿ, ಅಂದರೆ ಎಷ್ಟು ಸಾಲಿಗೊಮ್ಮೆ ಲಯ ಮರುಕಳಿಸುತ್ತದೆ ಎಂಬ ಸಂಖ್ಯೆ, ಎಷ್ಟು ಕೊಡಬೇಕು? ದಿನದ ಲೆಕ್ಕ ಎಂದಕೂಡಲೇ ಕೈ 365ರತ್ತ ಹೋಗುತ್ತದೆ. ಆದರೆ ಕೈಯಲ್ಲಿರುವುದು ಒಂದೇ ವರ್ಷ. ಹೋಲಿಸಿ ನೋಡಲು ಇನ್ನೊಂದು ಜನವರಿಯೇ ಇಲ್ಲ. ಇಲ್ಲಿ ಕೊಟ್ಟಿರುವುದು 7. ಆರಂಭ: ವಾರ 1, ದಿನ 4. ಭಾನುವಾರದಿಂದ ಎಣಿಸಿದರೆ ಬುಧವಾರ ನಾಲ್ಕನೆಯದು. ಆ ಪುಟ್ಟ '4' ನನಗೆ ಬಹಳ ಇಷ್ಟ. ಅಧಿಕ ವರ್ಷ ಬಂದರೂ ವಾರದ ಲಯ ತಪ್ಪುವುದಿಲ್ಲ, ಏಳಕ್ಕೆ ಏಳು ಕೂಡುತ್ತಲೇ ಹೋಗುತ್ತದೆ. ಈಸ್ಟರಿನಂತೆ ವರ್ಷವರ್ಷವೂ ತಾರೀಖು ಬದಲಿಸುವ ರಜೆಗಳನ್ನು ಕೆಲಸದ ದಿನದ ಕಾಲಂ ನೋಡಿಕೊಳ್ಳುತ್ತದೆ.

ಹಲವು ವರ್ಷಗಳ ಡೇಟಾ ಸಿಕ್ಕಾಗ ಮಾತು ಬೇರೆ. ಆಗ 7ರ ಜೊತೆಗೆ 365.25ನ್ನೂ ಕೊಟ್ಟು, ಋತುಚಕ್ರವನ್ನು ಸೈನ್, ಕೊಸೈನ್ ಅಲೆಗಳಿಂದ ಹೆಣೆಯಬಹುದು. ಆ ಅಲೆಗಳಿಗೆ ಹೆಸರಾದ ಫೋರಿಯರ್ 1822ರಲ್ಲಿ ಪ್ರಕಟಿಸಿದ ಗ್ರಂಥದ ವಿಷಯ ಶಾಖ. ಬಿಸಿಲು, ಚಳಿಗೆ ತಕ್ಕಂತೆ ಏರಿಳಿಯುವ ಬೇಡಿಕೆಯನ್ನು ಅಳೆಯಲು ಅವನ ಅಲೆಗಳೇ ಒದಗಿಬಂದದ್ದು ನೆನೆದಾಗಲೆಲ್ಲ ಹಿತವೆನಿಸುತ್ತದೆ.

ಬೇಡಿಕೆಯನ್ನು ಉಷ್ಣಾಂಶದ ಎದುರು ಚುಕ್ಕಿ ಹಾಕಿ ನೋಡಿದರೆ ಚಿತ್ರ ತೊಟ್ಟಿಲಿನಂತೆ ಬಾಗುತ್ತದೆ. ಎಡಕ್ಕೆ ಜುಲೈ ಚಳಿಯ ಹೀಟರುಗಳು, ಬಲಕ್ಕೆ ಬೇಸಿಗೆಯ ಎಸಿಗಳು, ನಡುವೆ ಹದವಾದ ದಿನಗಳ ತಗ್ಗು. ಬಲತುದಿಯಲ್ಲಿ ಎತ್ತರಕ್ಕೆ ಹಾರಿದ ಕೆಲವು ಚುಕ್ಕಿಗಳಿವೆ: ಜನವರಿ 14ರಿಂದ 17. ಮೆಲ್ಬರ್ನ್‌ನಲ್ಲಿ ಆ ನಾಲ್ಕೂ ದಿನ ಪಾದರಸ ಸತತವಾಗಿ 41 ಡಿಗ್ರಿ ದಾಟಿತ್ತು. ಆಸ್ಟ್ರೇಲಿಯನ್ ಓಪನ್ ಟೆನಿಸ್ ಪಂದ್ಯಗಳನ್ನೇ ಬಿಸಿಲಿಗಾಗಿ ನಿಲ್ಲಿಸಬೇಕಾಯಿತು. ವರ್ಷದ ಅತಿ ಎತ್ತರದ ಶಿಖರವೂ ಅಲ್ಲಿಯೇ.

ಬಾಗಿದ್ದನ್ನು ನೇರ ಗೆರೆ ಹಿಡಿಯಲಾರದು. ಅದಕ್ಕೇ ಮಾದರಿಗೆ ಉಷ್ಣಾಂಶದ ಜೊತೆ ಅದರ ವರ್ಗವನ್ನೂ, ಕೆಲಸದ ದಿನದ ಗುರುತನ್ನೂ ಕೊಡುತ್ತಾರೆ. ಉಳಿದದ್ದನ್ನು, ತಕ್ಕ ಮಾದರಿಯನ್ನು ತಾನಾಗಿ ಆರಿಸುವ ಆರ್‌ನ 'ಆಟೋ ಅರಿಮಾ' ಫಂಕ್ಷನ್ ಹುಡುಕಿಕೊಳ್ಳುತ್ತದೆ. ಅದು ಆರಿಸುವ ಮಾದರಿಯಲ್ಲಿ ಕಳೆದ ವಾರದ ಇದೇ ದಿನಕ್ಕೂ ಅದರ ಹಿಂದಿನ ವಾರದ ಇದೇ ದಿನಕ್ಕೂ ಜಾಗವಿದೆ. ಎರಡು ವಾರಗಳ ನೆನಪು! ಇಷ್ಟೆಲ್ಲ ಆದಮೇಲೂ ಉಳಿಕೆಗಳಲ್ಲಿ, ಅಂದರೆ ನಿಜವಾದ ಬೇಡಿಕೆಗೂ ಮಾದರಿಯ ಅಂದಾಜಿಗೂ ಇರುವ ವ್ಯತ್ಯಾಸಗಳಲ್ಲಿ, ಒಂದು ದೊಡ್ಡ ಧನಸಂಖ್ಯೆ ಯಾವ ಲೆಕ್ಕಕ್ಕೂ ಸಿಗದೆ ದೂರ ನಿಂತಿರುತ್ತದೆ. ಪುಸ್ತಕದವರು ಅದನ್ನು ಮುಚ್ಚಿಡದೆ ತೋರಿಸಿದ್ದಾರೆ. ಒಳ್ಳೆಯ ಪಾಠದ ಲಕ್ಷಣ ಅದು.

ಕೊನೆಗೆ 2015ರ ಮೊದಲ 14 ದಿನಗಳ ಮುನ್ನಂದಾಜು. ನಾಳಿನ ಬಿಸಿಲು ಗೊತ್ತಿಲ್ಲವಲ್ಲ, ಹಾಗಾಗಿ ಎಲ್ಲ ದಿನಕ್ಕೂ 26 ಡಿಗ್ರಿ ಎಂದು ಹಿಡಿದುಕೊಳ್ಳುತ್ತಾರೆ. ಜನವರಿ 1 ಈ ಬಾರಿ ಗುರುವಾರ, ಕೆಲಸದ ದಿನದ ಕಾಲಂನಲ್ಲಿ ಅದಕ್ಕೆ ರಜೆಯ ಸೊನ್ನೆ. ಅಂದಾಜು ಎಷ್ಟು ಆಚೀಚೆ ಆಗಬಹುದೆಂದು ತೋರುವ ನೀಲಿ ಪಟ್ಟಿಗಳ ನಡುವೆ ಮುನ್ನಂದಾಜಿನ ಗೆರೆ ಅಂದು ತಗ್ಗುತ್ತದೆ, ಶುಕ್ರವಾರ ಏಳುತ್ತದೆ, ಶನಿವಾರ ಮತ್ತೆ ತಗ್ಗುತ್ತದೆ. ನನ್ನ ಮೆಚ್ಚಿನ ಆಟ ಶುರುವಾಗುವುದು ಇಲ್ಲಿ: 26ರ ಜಾಗದಲ್ಲೆಲ್ಲ 42 ಬರೆದು ಇನ್ನೊಮ್ಮೆ ಓಡಿಸುವುದು. ಇಡೀ ಗೆರೆ ಮೇಲಕ್ಕೆ ನೆಗೆಯುತ್ತದೆ. ಹೊಸ ವರ್ಷದ ರಜೆಯ ತಗ್ಗು ಮಾತ್ರ ಇದ್ದಷ್ಟೇ ಇರುತ್ತದೆ.