ಸಾಧನ ಕೈಗೆ ಬಂತು, ಪಾಠ ತಲೆಗೆ ಬಂತೇ?

ಮೊಬೈಲ್ ನಮ್ಮ ಮಕ್ಕಳನ್ನು ಕೆಡಿಸಿತು ಎನ್ನುವವರೂ ಲ್ಯಾಪ್‌ಟಾಪ್ ಕೊಟ್ಟರೆ ಶಿಕ್ಷಣ ಉದ್ಧಾರವಾಯಿತು ಎನ್ನುವವರೂ ನಮ್ಮ ನಡುವೆ ಧಾರಾಳವಾಗಿದ್ದಾರೆ. ಇಬ್ಬರ ಕಣ್ಣೂ ಇರುವುದು ಸಾಧನದ ಮೇಲೆಯೇ ಹೊರತು ವಿದ್ಯಾರ್ಥಿಯ ಮೇಲಲ್ಲ.

ನಿಷೇಧದ ಪರ ಇರುವವರು ಅಮೆರಿಕದ ವೆಸ್ಟ್ ಪಾಯಿಂಟ್ ಸೇನಾ ಅಕಾಡೆಮಿಯಲ್ಲಿ ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನವನ್ನು ಮುಂದಿಡುತ್ತಾರೆ. ಅಲ್ಲಿ ಅರ್ಥಶಾಸ್ತ್ರದ ಕೆಲವು ತರಗತಿಗಳಲ್ಲಿ ಲ್ಯಾಪ್‌ಟಾಪ್, ಟ್ಯಾಬ್ಲೆಟ್‌ಗಳಿಗೆ ಮುಕ್ತ ಅವಕಾಶವಿತ್ತು. ಇನ್ನು ಕೆಲವುಗಳಲ್ಲಿ ಟ್ಯಾಬ್ಲೆಟ್ ಮಾತ್ರ, ಅದೂ ಅಧ್ಯಾಪಕರಿಗೆ ಕಾಣುವಂತೆ ಮೇಜಿನ ಮೇಲೆ ಮಲಗಿಸಿ ಇಡಬೇಕಿತ್ತು. ಉಳಿದ ತರಗತಿಗಳಲ್ಲಿ ಎರಡೂ ನಿಷಿದ್ಧ. ಕೊನೆಗೆ ಎಲ್ಲರಿಗೂ ಒಂದೇ ಪರೀಕ್ಷೆ. ಅವಕಾಶವಿದ್ದ ಎರಡೂ ಗುಂಪುಗಳು ಹಿಂದೆ ಬಿದ್ದವು. ಮುಕ್ತ ಅವಕಾಶವಿದ್ದವರ ಸರಾಸರಿ 100ಕ್ಕೆ ಸುಮಾರು 1.7 ಅಂಕ ಕಡಿಮೆಯಿತ್ತು.

ಕಣ್ಗಾವಲಿದ್ದೂ ಅಂಕ ಇಳಿಯಿತೆಂಬುದು ಗಂಭೀರ ವಿಷಯವೇ. ಆದರೆ ಗಮನ ಚದುರಿದ್ದರಿಂದಲೋ, ಟೈಪ್ ಮಾಡಿದ ಟಿಪ್ಪಣಿ ಮನಸ್ಸಿಗೆ ಇಳಿಯದ್ದರಿಂದಲೋ, ಅಧ್ಯಾಪಕರ ಬೋಧನೆಯೇ ಬದಲಾದದ್ದರಿಂದಲೋ ಎಂಬುದನ್ನು ಆ ಅಧ್ಯಯನ ಬಿಡಿಸಿ ಹೇಳುವುದಿಲ್ಲ. ಮೇಲಾಗಿ ಅದು ಅಳೆದದ್ದು ತರಗತಿಯೊಳಗಿನ ಬಳಕೆಯನ್ನು. ಅಲ್ಲಿನ ವಿದ್ಯಾರ್ಥಿಗಳಿಗೆ ಕಂಪ್ಯೂಟರ್, ಊಟ, ವಸತಿ ಯಾವುದರ ಕೊರತೆಯೂ ಇರಲಿಲ್ಲ.

ನಮ್ಮ ರಾಜ್ಯದ ಕಥೆ ಬೇರೆ. 2020ರಲ್ಲಿ ಕೊರೋನಾದಿಂದ ಕಾಲೇಜುಗಳು ಮುಚ್ಚಿದಾಗ ಫೋನೇ ತರಗತಿಯಾಯಿತು. ಮಲೆನಾಡಿನ ಮಕ್ಕಳು ಸಿಗ್ನಲ್ ಹುಡುಕಿ ಗುಡ್ಡ ಹತ್ತಿದರು. ಮನೆಗೊಂದೇ ಫೋನಿದ್ದಲ್ಲಿ ಅದು ಮೊದಲು ಅಣ್ಣನ ಕೈ ಸೇರಿತು. ತಂಗಿಯ ಪಾಠ ಅವನು ಮನೆಗೆ ಮರಳಿದ ನಂತರ. ಇಂಥವಳಿಗೆ 'ಫೋನ್ ಬಿಡು, ಅಂಕ ಬರುತ್ತದೆ' ಎಂದು ಉಪದೇಶಿಸುವುದು ಕ್ರೌರ್ಯ.

2021ರಲ್ಲಿ ಸರಕಾರವು ಸರಕಾರಿ ಕಾಲೇಜುಗಳ ವಿದ್ಯಾರ್ಥಿಗಳಿಗೆ ಟ್ಯಾಬ್ಲೆಟ್ ಹಂಚಿತು. ಅದನ್ನು ನಾವು ಸ್ವಾಗತಿಸುತ್ತೇವೆ. ಆದರೆ ಹಂಚಿದ ಸಾಧನಗಳ ಲೆಕ್ಕ ಕಲಿಕೆಯ ಲೆಕ್ಕವಾಗದು. ಖಾಯಂ ಅಧ್ಯಾಪಕರ ಹುದ್ದೆ ಖಾಲಿ ಬಿಟ್ಟು, ಗ್ರಂಥಾಲಯಕ್ಕೆ ಬೀಗ ಹಾಕಿ, ಕೈಗೊಂದು ಪರದೆ ಕೊಟ್ಟರೆ ಅದರಲ್ಲಿ ಪಾಠಕ್ಕಿಂತ ಮೊದಲು ರೀಲ್ಸ್ ತೆರೆದುಕೊಳ್ಳುವುದು ಸಹಜ. ಆಗ ತಪ್ಪನ್ನು ವಿದ್ಯಾರ್ಥಿಯೊಬ್ಬನ ತಲೆಗೆ ಕಟ್ಟುವುದು ನ್ಯಾಯವಲ್ಲ.

ಅಧ್ಯಾಪಕರು ವಿವರಿಸುವಾಗ ಪರದೆ ಮುಚ್ಚಿರಲಿ, ಕೈಯಲ್ಲಿ ಪೆನ್ನಿರಲಿ. ತರಗತಿ ಮುಗಿದ ಬಳಿಕ ಅದೇ ಪರದೆ ತಂಗಿಗೂ ಸಿಗಲಿ. ಮೊದಲನೆಯದು ಅಧ್ಯಾಪಕರ ಹೊಣೆ, ಎರಡನೆಯದು ಸರಕಾರದ್ದು ಮತ್ತು ನಮ್ಮ ಮನೆಗಳದ್ದು. ಈ ಹೊಣೆಯನ್ನು ಯಾವ ಸಾಧನವೂ ಹೊರಲಾರದು.