ಪತ್ತೇದಾರನಿಗೆ ಬಾಡಿಗೆ ಮನೆ

ಷರ್ಲಾಕ್ ಹೋಮ್ಸ್ ಮತ್ತು ಡಾಕ್ಟರ್ ವಾಟ್ಸನ್ ಒಂದೇ ಸೂರಿನಡಿ ಸೇರಿದ್ದು ಸ್ನೇಹದಿಂದಲ್ಲ, ಬಾಡಿಗೆಯ ದೆಸೆಯಿಂದ. 1887ರ ‘ಎ ಸ್ಟಡಿ ಇನ್ ಸ್ಕಾರ್ಲೆಟ್’ನಲ್ಲಿ ಇಬ್ಬರೂ ಬಾಡಿಗೆ ಹಂಚಿಕೊಳ್ಳುವವರನ್ನು ಹುಡುಕುತ್ತಿರುತ್ತಾರೆ. ಶರದಿಂದು ಬಂದ್ಯೋಪಾಧ್ಯಾಯರ ‘ಸತ್ಯಾನ್ವೇಷಿ’ ಕತೆಯಲ್ಲೂ ಅಷ್ಟೇ. ಕಲ್ಕತ್ತೆಯ ಮೆಸ್ಸೊಂದರಲ್ಲಿ ಜಾಗವಿಲ್ಲ ಎಂದಾಗ ಅಜಿತ್ ತನ್ನ ಕೋಣೆಯಲ್ಲೇ ಇರಿ ಎಂದು ಅಪರಿಚಿತನೊಬ್ಬನನ್ನು ಕರೆಯುತ್ತಾನೆ. ಆ ಅಪರಿಚಿತ ಬೇರೆ ಹೆಸರಿನಲ್ಲಿ ಬಂದ ಬ್ಯೋಮಕೇಶ ಬಕ್ಷಿ. ಆರ್‌ಪಿಸಿ ಲೇಔಟ್‌ನ ಮಹಡಿ ಕೋಣೆಯೊಂದನ್ನು ಗೆಳತಿಯೊಬ್ಬಳ ಜೊತೆ ಹಂಚಿಕೊಂಡು, ತಿಂಗಳ ಕೊನೆಯಲ್ಲಿ ಫೆಲೋಶಿಪ್ ಹಣಕ್ಕಾಗಿ ಕಾಯುವ ನನಗೆ ಇವು ಚಿಕ್ಕ ವಿವರಗಳಾಗಿ ಕಾಣುವುದಿಲ್ಲ. ಹಳೆಯ ಪತ್ತೇದಾರನನ್ನು ಟಿವಿಗೆ ಹೊಸದಾಗಿ ತರುವವರು ಟೋಪಿ, ಪೈಪು, ಭೂತಗನ್ನಡಿಗಳ ಬಗ್ಗೆ ತಲೆ ಕೆಡಿಸಿಕೊಳ್ಳುತ್ತಾರೆ. ನಾನು ನೋಡುವುದು ಬೇರೆ: ಈ ಮನುಷ್ಯ ಎಲ್ಲಿ ಉಳಿದುಕೊಂಡಿದ್ದಾನೆ, ಅವನ ಮೆಟ್ಟಿಲು ಹತ್ತಿ ಬರುವವರು ಯಾರು?

2010ರಲ್ಲಿ ಸ್ಟೀವನ್ ಮೊಫಾಟ್ ಮತ್ತು ಮಾರ್ಕ್ ಗೇಟಿಸ್ ಬಿಬಿಸಿಗಾಗಿ ಮಾಡಿದ ‘ಷರ್ಲಾಕ್’ ಈ ಪ್ರಶ್ನೆಗೆ ಮೊದಲ ಕಂತಿನಲ್ಲೇ ಉತ್ತರ ಕೊಟ್ಟಿತ್ತು. ವಾಟ್ಸನ್ ಆಗಲೂ ಅಫ್ಘಾನಿಸ್ತಾನದ ಯುದ್ಧದಿಂದ ಗಾಯಗೊಂಡು ಬಂದವನು, ಈಗಲೂ ಅಲ್ಲಿಂದಲೇ ಬಂದವನು. ನೂರಿಪ್ಪತ್ತು ವರ್ಷಗಳಾದರೂ ಆ ಒಂದು ವಿವರವನ್ನು ಬದಲಿಸುವ ಅಗತ್ಯವೇ ಬೀಳಲಿಲ್ಲ! ಸೈನ್ಯದ ಪಿಂಚಣಿಯಲ್ಲಿ ಲಂಡನ್ ಬಾಡಿಗೆ ಕಟ್ಟಲಾಗದು ಎಂಬುದೂ ಹಾಗೇ ಉಳಿದಿದೆ. ಮೂಲ ಓದಿದವರಿಗೆ ಒಂದು ಕಚಗುಳಿಯೂ ಇದೆ. ಕಾದಂಬರಿಯಲ್ಲಿ ಗೋಡೆಯ ಮೇಲಿನ ‘ರಾಚೆ’ ಎಂಬ ಅಕ್ಷರಗಳನ್ನು ಪೊಲೀಸರು ‘ರೇಚೆಲ್’ ಎಂದು ಬರೆಯಹೊರಟದ್ದು ಎನ್ನುತ್ತಾರೆ, ಹೋಮ್ಸ್ ಅದು ಜರ್ಮನ್ ಭಾಷೆಯಲ್ಲಿ ಸೇಡು ಎಂದು ತಿದ್ದುತ್ತಾನೆ. ಧಾರಾವಾಹಿಯಲ್ಲಿ ಪೊಲೀಸರ ಕಡೆಯವನು ಜರ್ಮನ್ ಎನ್ನುತ್ತಾನೆ, ಷರ್ಲಾಕ್ ರೇಚೆಲ್ ಎನ್ನುತ್ತಾನೆ. ಉತ್ತರ ಗೊತ್ತೆಂದು ಕೂತವರನ್ನೂ ಬೇಸ್ತು ಬೀಳಿಸುವ ಇಂಥ ಜಾಣತನ ಮೂಲವನ್ನು ಪ್ರೀತಿಸಿದವರಿಗೆ ಮಾತ್ರ ಸಾಧ್ಯ.

ಆದರೆ 2017ರ ನಾಲ್ಕನೆಯ ಸೀಸನ್‌ ಹೊತ್ತಿಗೆ ಆ ಮನೆಯ ಬಾಗಿಲು ಮುಚ್ಚಿಹೋಗಿತ್ತು. ‘ದಿ ಫೈನಲ್ ಪ್ರಾಬ್ಲಮ್’ನಲ್ಲಿ ರಹಸ್ಯವೆಲ್ಲ ಷರ್ಲಾಕ್‌ನ ಮನೆಯೊಳಗಿನದೇ: ಅವನ ತಂಗಿ, ಅವನ ಅಣ್ಣ, ಅವನ ಬಾಲ್ಯ. ಒಂದು ದ್ವೀಪದ ಜೈಲಿನಲ್ಲಿ ಕುಟುಂಬದ ಜಗಳ ನಡೆಯುತ್ತದೆ. ಅಳುತ್ತ ಬಂದು ಕುರ್ಚಿಯ ಅಂಚಿನಲ್ಲಿ ಕೂರುವ ಅಪರಿಚಿತರಿಗೆ ಅಲ್ಲಿ ಜಾಗವಿಲ್ಲ. ಪತ್ತೇದಾರ ತನ್ನನ್ನೇ ಪತ್ತೆ ಮಾಡಿಕೊಳ್ಳಲು ಹೊರಟರೆ ಊರವರ ಗತಿಯೇನು?

ಇದಕ್ಕೆ ಹೋಲಿಸಿದರೆ 1993ರಲ್ಲಿ ಬಾಸು ಚಟರ್ಜಿ ದೂರದರ್ಶನಕ್ಕೆ ಮಾಡಿದ ‘ಬ್ಯೋಮಕೇಶ ಬಕ್ಷಿ’ ಬಡವರ ಮನೆ ಊಟದಂತಿದೆ. ನಾನು ನೋಡಿದ್ದು ತೀರಾ ತಡವಾಗಿ, ಮೊಬೈಲಿನ ಪುಟ್ಟ ಪರದೆಯಲ್ಲಿ. ಹೊಸದಾಗಿ ಏನನ್ನೂ ಕಟ್ಟುವ ಆಡಂಬರ ಅದಕ್ಕಿಲ್ಲ. ಆದರೆ ರಜಿತ್ ಕಪೂರ್ ಎದುರಿಗಿದ್ದವರ ಮಾತನ್ನು ಕೇಳಿಸಿಕೊಳ್ಳುವ ರೀತಿ ನೋಡಿ. ಷರ್ಲಾಕ್ ಪಾತ್ರದ ಬೆನೆಡಿಕ್ಟ್ ಕಂಬರ್‌ಬ್ಯಾಚ್ ಮಾತಾಡಿ ಗೆಲ್ಲುತ್ತಾರೆ, ಇವರು ಸುಮ್ಮನಿದ್ದು ಗೆಲ್ಲುತ್ತಾರೆ. ಪತ್ತೇದಾರ ಎಂಬ ಪದವನ್ನೇ ಒಲ್ಲದೆ ತನ್ನನ್ನು ಸತ್ಯಾನ್ವೇಷಿ ಎಂದು ಕರೆದುಕೊಳ್ಳುವ ಗೃಹಸ್ಥನಿಗೆ ಆ ಮೌನ ಒಪ್ಪುತ್ತದೆ.

ನಮ್ಮ ಪುರುಷೋತ್ತಮ ಎಲ್ಲಿದ್ದಾನೆ? ಎನ್. ನರಸಿಂಹಯ್ಯನವರು 500ಕ್ಕೂ ಹೆಚ್ಚು ಕಾದಂಬರಿ ಬರೆದು, ಪತ್ತೇದಾರ ಪುರುಷೋತ್ತಮನನ್ನು ಮನೆಮಾತು ಮಾಡಿದರು. ವಿಮರ್ಶೆ ಅವರನ್ನು ‘ಜನಪ್ರಿಯ’ ಎಂಬ ಒಂದೇ ಪದದಲ್ಲಿ ಸಾಗಹಾಕಿತು. 2019ರ ‘ಬೆಲ್ ಬಾಟಮ್’ ಸಿನಿಮಾ ಆ ಕಾಲದ ಪತ್ತೇದಾರಿ ಹುಚ್ಚಿಗೆ ಸಲ್ಲಿಸಿದ ಮುದ್ದಾದ ನಮಸ್ಕಾರ. ಪತ್ತೇದಾರನಾಗುವ ಕನಸಿನ ಕಾನ್‌ಸ್ಟೆಬಲ್ ದಿವಾಕರ ಪೊಲೀಸ್ ಠಾಣೆಗಳಲ್ಲೇ ಆಗುವ ಕಳ್ಳತನವನ್ನು ಬೆನ್ನು ಹತ್ತುತ್ತಾನೆ. ನಕ್ಕಿದ್ದೇನೆ, ಎರಡು ಸಲ ನೋಡಿದ್ದೇನೆ. ಆದರೂ ಅದು ಹಳೆಯ ಪ್ಯಾಂಟನ್ನು ಇಸ್ತ್ರಿ ಮಾಡಿ ತೊಟ್ಟದ್ದೇ ಹೊರತು ಹೊಸ ಬಟ್ಟೆ ಹೊಲಿಸಿದ್ದಲ್ಲ. ಪತ್ತೇದಾರ ಇರಬೇಕಾದರೆ ಎಂಬತ್ತರ ದಶಕಕ್ಕೇ ಹೋಗಬೇಕು ಎಂದು ಅದು ಒಪ್ಪಿಕೊಂಡುಬಿಟ್ಟಿದೆ.

ನನಗೆ ಹಾಗನ್ನಿಸುವುದಿಲ್ಲ. ಬೀದಿಬೀದಿಗೂ ಸಿಸಿಟಿವಿ ಇದೆ, ಮೊಬೈಲ್ ಟವರ್ ಇದೆ, ನಿಜ. ಆದರೆ ಫೋನಿನಲ್ಲಿ ‘ಡಿಜಿಟಲ್ ಅರೆಸ್ಟ್’ ಎಂದು ಹೆದರಿಸಿದವರಿಗೆ ಉಳಿತಾಯವನ್ನೆಲ್ಲ ಕಳಿಸಿ, ಮಗನಿಗೆ ಹೇಳಲು ನಾಚಿಕೆಪಟ್ಟು, ಠಾಣೆಗೆ ಹೋಗಲು ಅಂಜಿ ಕೂತಿರುವ ನಿವೃತ್ತ ಮೇಷ್ಟರನ್ನು ಊಹಿಸಿಕೊಳ್ಳಿ. ಅವರು ಯಾರ ಮೆಟ್ಟಿಲು ಹತ್ತಬೇಕು? ಕಳೆದುಹೋದ ಹಣಕ್ಕಿಂತ ಮುಚ್ಚಿಟ್ಟ ಅವಮಾನವೇ ಇಂದಿನ ರಹಸ್ಯ. ಪುರುಷೋತ್ತಮ ವಿಜಯನಗರದಲ್ಲಿ ಇದ್ದರೆ ಅವನಿಗೆ ಕೈತುಂಬ ಕೆಲಸವಿದೆ.

ಹಂಪಿನಗರದ ಗ್ರಂಥಾಲಯದಿಂದ ತಂದಿದ್ದ ನರಸಿಂಹಯ್ಯನವರ ಕಾದಂಬರಿಯೊಂದು ಕಳೆದ ವಾರ ಮೆಟ್ಟಿಲ ಬಳಿ ನನ್ನ ಕೈಯಿಂದ ಮನೆ ಮಾಲೀಕರಾದ ಅಜ್ಜಿಯ ಕೈಗೆ ಹೋಯಿತು. ಹುಡುಗಿಯಾಗಿದ್ದಾಗ ಶಾಲೆ ಪುಸ್ತಕದೊಳಗೆ ಬಚ್ಚಿಟ್ಟುಕೊಂಡು ಓದಿದವರಂತೆ ಅವರು. ನಾಲ್ಕು ದಿನ ವಾಪಸ್ ಕೊಡಲಿಲ್ಲ. ಕೊಟ್ಟಾಗ ಕೇಳಿದೆ, “ಅಜ್ಜಿ, ಪುರುಷೋತ್ತಮ ಈಗ ಬಂದು ಪಕ್ಕದ ರೂಮು ಬಾಡಿಗೆಗೆ ಕೇಳಿದರೆ ಕೊಡ್ತೀರಾ?”

ಅಜ್ಜಿ ಯೋಚಿಸಿದರು. “ಫ್ಯಾಮಿಲಿ ಇದೆಯಾ ಅಂತ ಕೇಳ್ತೀನಿ ಕಣಮ್ಮ. ಹೊತ್ತಲ್ಲದ ಹೊತ್ತಲ್ಲಿ ಯಾರ್ಯಾರೋ ಹುಡುಕ್ಕೊಂಡು ಬರ್ತಾರಲ್ಲ, ಗೇಟು ತೆಗೆಯೋರು ಯಾರು?”